ಮುಂಗುಸಿಯ ಬಾಯಿ, ಆಮೆಯ ತುಟಿ: ಆಫ್ರಿಕಾನ್ಸ್ ರಂಗದ ಮೇಲೆ ಖಾಮ್ ಪುರಾಣ

ದಕ್ಷಿಣ ಆಫ್ರಿಕಾದ ಖಾಮ್ ಜನರು ಕತೆ ಹೇಳುವಾಗ ಒಂದೊಂದು ಪ್ರಾಣಿಗೆ ಒಂದೊಂದು ಬಾಯಿ ಕೊಡುತ್ತಿದ್ದರು. ಆಮೆಯ ಸರದಿ ಬಂದರೆ ಪದದ ಮೊದಲಿನ ವ್ಯಂಜನಗಳೆಲ್ಲ ತುಟಿಗೆ ಜಾರಿ ಪಕಾರ, ಬಕಾರಗಳಾಗುತ್ತಿದ್ದವು. ಮುಂಗುಸಿ ‘ತ್ಸ’, ‘ತ್ಯ’ ಎನ್ನುತ್ತ ಹಲ್ಲಿನ ಸಂದಿಯಲ್ಲೇ ಮಾತಾಡುತ್ತಿತ್ತು. ನೀಲಿ ಕ್ರೌಂಚ ಪಕ್ಷಿಯು ಹೆಚ್ಚುಕಡಿಮೆ ಪ್ರತಿ ಪದದ ಮೊದಲ ಉಚ್ಚಾರಕ್ಕೆ ಒಂದು ‘ಟ್ಟ್’ ಅಂಟಿಸುತ್ತಿತ್ತು. ಚಂದ್ರ, ಮೊಲ ಮತ್ತು ಇರುವೆ ತಿನ್ನುವ ಪ್ರಾಣಿ ಬಾಯಿ ತೆರೆದರಂತೂ ಆ ಭಾಷೆಯ ದಿನಬಳಕೆಯಲ್ಲಿ ಎಲ್ಲಿಯೂ ಇಲ್ಲದ, ಹೊರಗಿನವರ ನಾಲಗೆಗೆ ಸುತರಾಂ ಒಗ್ಗದ ಒಂದು ಚಿಟುಕು ಧ್ವನಿ ಹೊರಡುತ್ತಿತ್ತು. ಕೇಪ್‌ಟೌನಿನಲ್ಲಿದ್ದ ಜರ್ಮನ್ ಭಾಷಾಶಾಸ್ತ್ರಜ್ಞ ವಿಲ್ಹೆಲ್ಮ್ ಬ್ಲೀಕ್, ತಾನು ತೀರಿಕೊಂಡ 1875ರಲ್ಲೇ ಸಿದ್ಧಪಡಿಸಿದ ವರದಿಯಲ್ಲಿ ಇದನ್ನೆಲ್ಲ ಬೆರಗಿನಿಂದ ಬರೆದಿಟ್ಟಿದ್ದಾನೆ. ಅವನಿಗೆ ಅದು ಧ್ವನಿಶಾಸ್ತ್ರದ ವಿಷಯವಾಗಿತ್ತು. ಅದನ್ನು ಓದಿದಾಗ ನನಗೆ ಕಾಣಿಸಿದ್ದು ಮಾತ್ರ ಒಂದು ರಂಗಪ್ರಯೋಗದ ಟಿಪ್ಪಣಿ: ಒಬ್ಬನೇ ನಟ, ಏಳೆಂಟು ಪಾತ್ರ, ವೇಷವಿಲ್ಲ, ಪರದೆಯಿಲ್ಲ, ಬಾಯಿಯೊಂದೇ ಬಂಡವಾಳ.

ಹೀಗೆ ಹುಟ್ಟಿನಿಂದಲೇ ಅಭಿನಯವಾಗಿದ್ದ ಪುರಾಣ ಇಂದು ರಂಗದ ಮೇಲೆ ಬರುವುದಾದರೆ ಯಾವ ಭಾಷೆಯಲ್ಲಿ ಬರಬೇಕು ಎನ್ನುವುದು ಈ ಬರಹದ ವಿಷಯ. ಖಾಮ್ ಭಾಷೆ ಇಪ್ಪತ್ತನೆಯ ಶತಮಾನದ ಆರಂಭದ ಹೊತ್ತಿಗೆ ಆಡುವವರಿಲ್ಲದೆ ಅಳಿದುಹೋಯಿತು. ಆ ಜನರ ಮೊಮ್ಮಕ್ಕಳು, ಮರಿಮಕ್ಕಳು ಕರೂ ಬಯಲಿನಲ್ಲಿ, ಉತ್ತರ ಕೇಪಿನ ಹಳ್ಳಿಗಳಲ್ಲಿ ಇಂದಿಗೂ ಇದ್ದಾರೆ. ಅವರ ಮನೆಮಾತು ಡಚ್ಚಿನಿಂದ ಬೆಳೆದ ಆಫ್ರಿಕಾನ್ಸ್. ಅವರ ಹಿರಿಯರ ನೆಲ ಕಸಿದುಕೊಂಡ ಬಿಳಿಯರ ಮನೆಮಾತೂ ಅದೇ. ಹಾಗಾಗಿ ಖಾಮ್ ಪುರಾಣವನ್ನು ಆಧರಿಸಿದ ಆಫ್ರಿಕಾನ್ಸ್ ನಾಟಕವೆಂದರೆ ಒಡನೆಯೇ ಎರಡು ಆಕ್ಷೇಪಗಳು ಏಳುತ್ತವೆ: ಗೆದ್ದವರು ಸೋತವರ ಕತೆಯನ್ನೂ ದೋಚಿದರು ಎಂಬುದೊಂದು, ಕೊಲೆಯಾದ ಭಾಷೆಯ ಕತೆಯನ್ನು ಕೊಂದ ಭಾಷೆಯಲ್ಲಿ ಹೇಳುವುದು ಅಸಭ್ಯ ಎಂಬುದು ಇನ್ನೊಂದು. ಎರಡರಲ್ಲೂ ಹುರುಳಿದೆ. ಆದರೂ ನನ್ನ ಮಟ್ಟಿಗೆ ಈ ಪುರಾಣಕ್ಕೆ ಇಂದು ದೊರೆಯಬಹುದಾದ ಭಾಷೆಗಳ ಪೈಕಿ ಆಫ್ರಿಕಾನ್ಸೇ ಸೂಕ್ತವಾದದ್ದು. ಆದರೆ ಯಾವ ಆಫ್ರಿಕಾನ್ಸ್, ಯಾರ ಬಾಯಿಯ ಆಫ್ರಿಕಾನ್ಸ್ ಎಂಬುದರ ಮೇಲೆ ಎಲ್ಲವೂ ನಿಂತಿದೆ. (ಖಾಮ್ ಹೆಸರುಗಳಲ್ಲಿರುವ ಚಿಟುಕು ಧ್ವನಿಗಳಿಗೆ ನಮ್ಮ ಲಿಪಿಯಲ್ಲಿ ಅಕ್ಷರವಿಲ್ಲದ ಕಾರಣ ಅವುಗಳನ್ನು ಕೈಬಿಟ್ಟು ಬರೆಯುತ್ತಿದ್ದೇನೆ.)

ಈ ಪುರಾಣಗಳು ನಮಗೆ ಉಳಿದದ್ದೇ ಒಂದು ಸೆರೆಮನೆಯ ಪುಣ್ಯದಿಂದ. 1870ರ ಸುಮಾರಿಗೆ ಕೇಪ್‌ಟೌನಿನ ಬಂದರಿನಲ್ಲಿ ತಡೆಗೋಡೆ ಕಟ್ಟುವ ಕೆಲಸಕ್ಕೆ ಹಾಕಿದ್ದ ಕೈದಿಗಳಲ್ಲಿ ಖಾಮ್ ಗಂಡಸರೂ ಇದ್ದರು. ಕೆಲವರು ದನಕುರಿ ಕದ್ದ ಆರೋಪದವರು, ಕೆಲವರು ಅದಕ್ಕಿಂತ ಗಂಭೀರವಾದ ಅಪರಾಧದವರು. ಬ್ಲೀಕ್ ಸರ್ಕಾರದ ಅನುಮತಿ ಪಡೆದು ಅವರಲ್ಲಿ ಒಬ್ಬಿಬ್ಬರನ್ನು ಮೌಬ್ರೆಯಲ್ಲಿದ್ದ ತನ್ನ ಮನೆಗೆ ಕರೆತಂದ. ಮೊದಲು ಬಂದವನು ಯುವಕ ಆಕುಂಟ, 1871ರಲ್ಲಿ ಬಂದವನು ಹಿರಿಯನಾದ ಕಬ್ಬೊ, ಆಮೇಲೆ ದಿಯಾಕ್ವೈನ್, ಕೊನೆಗೆ 1878ರಲ್ಲಿ ಕಬ್ಬೊನ ಅಳಿಯ ಹಂಕಾಸೊ. ಬ್ಲೀಕ್ ತೀರಿಕೊಂಡ ಮೇಲೂ ಅವನ ಹೆಂಡತಿಯ ಅಕ್ಕ ಲೂಸಿ ಲಾಯ್ಡ್ ಬರೆದುಕೊಳ್ಳುವುದನ್ನು ನಿಲ್ಲಿಸಲಿಲ್ಲ. ಕೊನೆಗೆ ಕೂಡಿದ್ದು ಹನ್ನೆರಡು ಸಾವಿರಕ್ಕೂ ಮಿಕ್ಕ ಪುಟಗಳು. 1997ರಲ್ಲಿ ಯುನೆಸ್ಕೊ ಅವನ್ನು ತನ್ನ ವಿಶ್ವಸ್ಮೃತಿ ಪಟ್ಟಿಗೆ ಸೇರಿಸಿತು. ಆದರೆ ಅದರಲ್ಲಿ ಆಯ್ದ ಭಾಗ ಪುಸ್ತಕವಾಗಿ ಅಚ್ಚಾಗಲು ಲಾಯ್ಡ್ 1911ರವರೆಗೆ ಕಾಯಬೇಕಾಯಿತು.

ಈ ನೋಟ್‌ಬುಕ್ಕುಗಳ ಪುಟಗಳನ್ನು ಈಗ ಮನೆಯಲ್ಲೇ ಕುಳಿತು ಪರದೆಯ ಮೇಲೆ ನೋಡಬಹುದು. ಒಂದು ಕಡೆ ಖಾಮ್ ಮಾತು, ಅದರ ಪಕ್ಕದ ಕಾಲಮ್ಮಿನಲ್ಲಿ ಇಂಗ್ಲಿಷ್. ಎದುರಿನ ಪುಟವನ್ನು ಟಿಪ್ಪಣಿಗೆಂದು ಖಾಲಿ ಬಿಟ್ಟಿದ್ದಾರೆ. ಆ ಖಾಲಿ ಪುಟವೇ ನನಗೆ ಹೆಚ್ಚು ಪ್ರಿಯ. ಕತೆ ಹೇಳುವವನು ನಡುವೆ ನಿಲ್ಲಿಸಿ, ಇದನ್ನು ಅಮ್ಮ ಹೀಗೆ ಹೇಳುತ್ತಿದ್ದಳು, ಆ ಹೊತ್ತಿನಲ್ಲಿ ನಕ್ಷತ್ರದತ್ತ ಬೆರಳು ತೋರಿಸಬಾರದು ಎಂದೆಲ್ಲ ಬಿಡಿಸಿ ಹೇಳಿದ ಮಾತುಗಳು ಅಲ್ಲಿ ಬಂದು ಕೂತಿರುತ್ತವೆ. ಇನ್ನೂ ಒಂದು ಸಂಗತಿಯನ್ನು ಗಮನಿಸಬೇಕು. ಆರಂಭದ ದಿನಗಳಲ್ಲಿ ಬ್ಲೀಕನಿಗೆ ಖಾಮ್ ಬರುತ್ತಿರಲಿಲ್ಲ, ಖಾಮ್ ಕೈದಿಗಳಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಇಬ್ಬರಿಗೂ ಅಷ್ಟಿಷ್ಟು ಗೊತ್ತಿದ್ದದ್ದು ಜಮೀನುಗಳಲ್ಲಿ ಆಡುತ್ತಿದ್ದ ಕೇಪಿನ ಡಚ್ಚು, ಎಂದರೆ ಆಗಿನ್ನೂ ಹೆಸರು ಪಡೆಯದ ಆಫ್ರಿಕಾನ್ಸ್. ನೆಲದೊಡೆಯರು ಕಬ್ಬೊನಿಗೆ ಇಟ್ಟ ಹೆಸರೇ ‘ಮುದಿ ಯಾಂತ್ಯೆ ತೋರೆನ್’, ದಿಯಾಕ್ವೈನನಿಗೆ ‘ಡೇವಿಡ್ ಹುಸಾರ್’. ಹೀಗೆ ಈ ಪುರಾಣ ಇಂಗ್ಲಿಷಿಗೆ ಕಾಲಿಡುವ ಮೊದಲು ಆಫ್ರಿಕಾನ್ಸಿನ ಅಂಗಳವನ್ನು ದಾಟಿಯೇ ಹೋಗಿದೆ.

ಇನ್ನು ಪುರಾಣದ ಒಳಗೆ ಹೋಗೋಣ. ಅದರ ನಾಯಕ ಕಾಗೆನ್. ಮುಂಗಾಲು ಮಡಚಿಕೊಂಡು ಕೂರುವ ಹಸಿರು ಮ್ಯಾಂಟಿಸ್ ಕೀಟ ಅವನ ಒಂದು ರೂಪ. ಅವನನ್ನು ದೇವರು ಎನ್ನುವವರಿದ್ದಾರೆ, ಆದರೆ ಕತೆಗಳಲ್ಲಿ ಅವನು ದೇವರಂತೆ ನಡೆದುಕೊಳ್ಳುವುದು ಅಪರೂಪ. ಸುಳ್ಳು ಹೇಳುತ್ತಾನೆ, ಕದಿಯುತ್ತಾನೆ, ಏಟು ತಿಂದು ಓಡಿಬರುತ್ತಾನೆ, ಮನೆಗೆ ಬಂದು ಮೊಮ್ಮಗನಿಂದ ಬೈಸಿಕೊಳ್ಳುತ್ತಾನೆ. ಅವನ ಹೆಂಡತಿ ಡಾಸಿ, ಬಂಡೆಯ ಸಂದಿಗಳಲ್ಲಿ ವಾಸಿಸುವ ಮೊಲದಷ್ಟು ದೊಡ್ಡ ಪ್ರಾಣಿ, ಸಾಕುಮಗಳು ಮುಳ್ಳುಹಂದಿ, ಅಳಿಯ ಕ್ವಾಮಾಂಗ, ಕಾಮನಬಿಲ್ಲಿನಲ್ಲಿ ಕಾಣಿಸಿಕೊಳ್ಳುವವನು, ಮೊಮ್ಮಗ ಮುಂಗುಸಿ. ಈ ಮುಂಗುಸಿಗೆ ಇಡೀ ಮನೆಯಲ್ಲಿ ಅತಿ ಹೆಚ್ಚು ಬುದ್ಧಿ, ಅಜ್ಜನ ಮೇಲೆ ಸಾಸಿವೆಯಷ್ಟೂ ಭಯವಿಲ್ಲ. ಅಜ್ಜ ಏನೇ ಮಾಡಿದರೂ ‘ನಿನಗೇಕೆ ಬೇಕಿತ್ತು ಈ ಉಸಾಬರಿ’ ಎಂಬ ಧಾಟಿಯಲ್ಲಿ ಉದ್ದುದ್ದ ಭಾಷಣ ಬಿಗಿಯುವುದು ಅವನ ಕೆಲಸ.

ಕಾಗೆನ್ ಅಳಿಯ ಬಿಸಾಡಿದ ಪಾದರಕ್ಷೆಯ ತುಂಡೊಂದನ್ನು ನೀರಿನಲ್ಲಿ ನೆನೆಯಿಟ್ಟು ಅದರಿಂದ ಈಲಾಂಡ್ ಎಂಬ ದೊಡ್ಡ ಹುಲ್ಲೆಯನ್ನು ಸೃಷ್ಟಿಸುತ್ತಾನೆ. ಅದು ಜೊಂಡಿನ ನಡುವೆ ಗುಟ್ಟಾಗಿ ಬೆಳೆಯುತ್ತದೆ. ಕಾಗೆನ್ ದಿನವೂ ಕರೆದು ಜೇನು ತಿನ್ನಿಸುತ್ತಾನೆ, ಅದರ ಮೈಗೆಲ್ಲ ಜೇನು ಸವರಿ ಹೊಳಪೇರಿಸುತ್ತಾನೆ. ಇತ್ತ ಮನೆಗೆ ಬರುವ ಜೇನು ಕಡಿಮೆಯಾಯಿತಲ್ಲ ಎಂದು ಮನೆಯವರಿಗೆ ಅನುಮಾನ. ಅಜ್ಜನ ಹಿಂದೆ ಮುಂಗುಸಿಯನ್ನು ಬೇಹಿಗೆ ಬಿಡುತ್ತಾರೆ, ಗುಟ್ಟು ರಟ್ಟಾಗುತ್ತದೆ, ಕ್ವಾಮಾಂಗ ಹೋಗಿ ಹುಲ್ಲೆಯನ್ನು ಹೊಡೆದುಹಾಕುತ್ತಾನೆ. ಕಾಗೆನ್ ಬಂದು ಕರೆಯುತ್ತಾನೆ, ಹುಲ್ಲೆ ಬರುವುದಿಲ್ಲ. ಅವನು ಅಳುತ್ತಾನೆ. ಅವರು ಮಾಂಸ ಕತ್ತರಿಸುತ್ತಿರುವಲ್ಲಿಗೆ ಬಂದಾಗ ಪೊದೆಯ ಮೇಲೆ ನೇತುಹಾಕಿದ್ದ ಪಿತ್ತಕೋಶ ಕಣ್ಣಿಗೆ ಬೀಳುತ್ತದೆ. ಅದನ್ನು ಚುಚ್ಚುತ್ತಾನೆ. ಪಿತ್ತ ಸಿಡಿದು ಅವನ ಕಣ್ಣು ಮುಚ್ಚಿ, ಲೋಕಕ್ಕೆಲ್ಲ ಕತ್ತಲಾಗುತ್ತದೆ. ತಡವರಿಸುತ್ತಾ ಸಿಕ್ಕ ಉಷ್ಟ್ರಪಕ್ಷಿಯ ಗರಿಯಿಂದ ಕಣ್ಣೊರೆಸಿಕೊಂಡು ಆ ಗರಿಯನ್ನು ಮೇಲಕ್ಕೆಸೆಯುತ್ತಾನೆ, ಅದು ಚಂದ್ರನಾಗುತ್ತದೆ. ಬೇರೆ ಪಾಠದಲ್ಲಿ ಎಸೆದದ್ದು ಪಾದರಕ್ಷೆ.

ಸೃಷ್ಟಿ, ಸಾವು, ಕತ್ತಲೆ, ಬೆಳಕು, ನಾಲ್ಕೂ ಇಲ್ಲಿವೆ. ಆದರೆ ಅವಕ್ಕೆಲ್ಲ ಕಾರಣ ಮನೆಗೆ ಬಾರದ ಜೇನು. ಬ್ರಹ್ಮಾಂಡದ ಘಟನೆಯನ್ನು ಅಡುಗೆಮನೆಯ ಜಗಳದೊಳಗೆ ಇಡುವ ಈ ಬಗೆ ನಾಟಕಕಾರರಿಗೆ ಸಿಕ್ಕ ವರವೆಂದೇ ನಾನು ತಿಳಿಯುತ್ತೇನೆ.

ಇನ್ನೊಂದು ಕತೆ ಮಳೆಯದು. ಖಾಮ್ ನಂಬಿಕೆಯಲ್ಲಿ ಮಳೆಗೂ ನೀರಿಗೂ ಖ್ವಾ ಎಂದೇ ಹೆಸರು. ಗಂಡು ಮಳೆ ಗುಡುಗಿ, ನೆಲ ಸೀಳಿ, ಗೂಳಿಯಂತೆ ನುಗ್ಗುವುದು; ಹೆಣ್ಣು ಮಳೆ ಮೆಲ್ಲಗೆ ನೆನೆಸುವುದು. ಮೊದಲ ಸಲ ಮೈನೆರೆದ ಹುಡುಗಿಯನ್ನು ಬೇರೆ ಗುಡಿಸಲಿನಲ್ಲಿ ಕೂರಿಸುತ್ತಿದ್ದರು. ಇದನ್ನು ಕನ್ನಡದ ಓದುಗರಿಗೆ ವಿವರಿಸಬೇಕಾಗಿಲ್ಲ. ಅಂಥ ಒಬ್ಬಳು ಹೆಂಗಸರೆಲ್ಲ ಗೆಡ್ಡೆ ಅಗೆಯಲು ಹೋದಾಗ ಸದ್ದಿಲ್ಲದೆ ಎದ್ದು ಒರತೆಗೆ ಹೋಗಿ, ನೀರಿನ, ಎಂದರೆ ಖ್ವಾದ, ಮರಿಯೊಂದನ್ನು ಹಿಡಿದು, ಬೇಯಿಸಿ ತಿಂದು, ಕುರುಹು ಅಳಿಸಿ ಮತ್ತೆ ಮಲಗಿಬಿಡುತ್ತಾಳೆ. ಅಮ್ಮ ಕಾವಲಿಗಿಟ್ಟ ಮಗು ಅದನ್ನು ನೋಡಿ ಹೇಳಿಬಿಡುತ್ತದೆ. ಅಷ್ಟರಲ್ಲಿ ಖ್ವಾ ಸಿಟ್ಟಾಗಿ ಸುಂಟರಗಾಳಿಯಾಗಿ ಬಂದು ಹುಡುಗಿಯನ್ನೂ ಮನೆಯವರನ್ನೂ ಎತ್ತಿ ಒರತೆಗೆ ಒಯ್ಯುತ್ತದೆ. ಅಲ್ಲಿ ಅವರೆಲ್ಲ ಕಪ್ಪೆಗಳಾಗುತ್ತಾರೆ. ಅಪ್ಪನ ಬಾಣಗಳೂ ಗುಡಿಸಲಿನ ಚಾಪೆಗಳೂ ಜೊಂಡು, ಹುಲ್ಲಾಗಿ ಒರತೆಯ ದಡದಲ್ಲಿ ಬೇರೂರುತ್ತವೆ. ವಸ್ತುಗಳು ತಾವು ಹುಟ್ಟಿದ ಸಸ್ಯಕ್ಕೆ ಹಿಂದಿರುಗುವ ಈ ಕೊನೆಯನ್ನು ರಂಗದ ಮೇಲೆ ತರುವುದು ಕಷ್ಟ. ಆದರೆ ಕೋಲು, ಚಾಪೆ, ಬಿಲ್ಲುಗಳಷ್ಟೇ ಪರಿಕರಗಳಾಗಿರುವ ಬಡ ರಂಗದಲ್ಲಿ ಅದು ದುಬಾರಿ ದೀಪವ್ಯವಸ್ಥೆಯ ರಂಗಕ್ಕಿಂತ ಚೆನ್ನಾಗಿ ಸಾಧ್ಯವಾದೀತು.

ಇಂಥ ಕತೆಗಳು ಆಫ್ರಿಕಾನ್ಸಿಗೆ ಬಂದದ್ದು ಯಾವುದೋ ನಾಟಕಕಾರನ ಕೃಪೆಯಿಂದಲ್ಲ. ಆಫ್ರಿಕಾನ್ಸ್ ರೂಪುಗೊಂಡದ್ದೇ ಡಚ್ಚರ ಮನೆ, ಜಮೀನುಗಳಲ್ಲಿ ದುಡಿದ ಖೊಯ್ ಎಂಬ ಸ್ಥಳೀಯ ಪಶುಪಾಲಕ ಜನರ ಬಾಯಲ್ಲಿ, ಇಂಡೋನೇಷ್ಯದ ದ್ವೀಪಗಳಿಂದ, ಮಡಗಾಸ್ಕರಿನಿಂದ, ನಮ್ಮ ಮಲಬಾರ್ ಮತ್ತು ಬಂಗಾಳದ ಕರಾವಳಿಗಳಿಂದ ಹಡಗಿನಲ್ಲಿ ಹೊತ್ತು ತಂದ ಗುಲಾಮರ ಬಾಯಲ್ಲಿ. ಇಂದಿಗೂ ಅದನ್ನು ಮನೆಮಾತಾಗಿ ಉಳ್ಳವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಬಿಳಿಯರಲ್ಲ. ಖಾಮ್ ಕುಟುಂಬಗಳು ಕುರಿ ಕಾಯುವ ಆಳುಗಳಾಗಿ ಭಾಷೆ ಬದಲಿಸಿದಾಗ ಕತೆಗಳನ್ನು ಹಿಂದೆ ಬಿಟ್ಟು ಬರಲಿಲ್ಲ. ಕ್ಯಾಲ್ವೀನಿಯದ ಸುತ್ತ ಭೂಮಾಪಕನಾಗಿ ಅಲೆದ ಫಾನ್ ವಿಲಿಖ್ ಎಂಬಾತ ಅಂಥವರಿಂದ ಆಫ್ರಿಕಾನ್ಸಿನಲ್ಲೇ ಕೇಳಿ ಬರೆದುಕೊಂಡದ್ದು 1919ರಿಂದ 1921ರ ನಡುವೆ ನಾಲ್ಕು ಸಂಪುಟಗಳಾಗಿ ಹೊರಬಂತು. ಆಫ್ರಿಕಾನ್ಸ್ ಕವಿ ಯೂಜೀನ್ ಮರೇ ವಾಟರ್‌ಬರ್ಗ್ ಬೆಟ್ಟಗಳಲ್ಲಿ ಹೆಂಡ್ರಿಕ್ ಎಂಬ ಮುದುಕನಿಂದ ಕೇಳಿದ್ದಾಗಿ ಹೇಳಿ 1927ರಲ್ಲಿ ನಾಲ್ಕೇ ನಾಲ್ಕು ಕತೆಗಳ ಪುಟ್ಟ ಪುಸ್ತಕ ತಂದ. ಅದರೊಳಗಿನ ಮಳೆಯ ಕುಣಿತದ ಪದ್ಯದಲ್ಲಿ ಮಳೆ ಒಬ್ಬ ಸೋದರಿ. ಬೆಟ್ಟದ ನೆತ್ತಿಯಿಂದ ಕಳ್ಳಗಣ್ಣಿನಲ್ಲಿ ಇಣುಕುತ್ತಾಳೆ, ನಾಚುತ್ತಾಳೆ, ಮೆಲ್ಲಗೆ ನಗುತ್ತಾಳೆ. ಓದಿದ ಕೂಡಲೇ ಖಾಮ್ ಜನರ ಹೆಣ್ಣು ಮಳೆ ನೆನಪಾಗುತ್ತದೆ. ಮರೇ ಅದಕ್ಕೆ ತನ್ನ ಕಾವ್ಯವನ್ನೆಷ್ಟು ಬೆರೆಸಿದ, ಹೆಂಡ್ರಿಕ್ ಹೇಳಿದ್ದೆಷ್ಟು ಎಂದು ಬೇರ್ಪಡಿಸುವುದು ಇಂದು ಯಾರಿಂದಲೂ ಆಗದ ಕೆಲಸ. ಬರೆಯದೆ ಉಳಿದದ್ದೂ ಬಹಳವಿದೆ. ಕರೂವಿನ ಹಳ್ಳಿಗಳಲ್ಲಿ ಮಡುವಿನ ನೀರುಹಾವು, ಮೇರಿಂಗ್ಸ್‌ಪೋರ್ಟ್ ಕಣಿವೆಯ ಜಲಕನ್ಯೆ ಇವರ ಕತೆಗಳನ್ನು ಜನ ಈಗಲೂ ಆಫ್ರಿಕಾನ್ಸಿನಲ್ಲೇ ಹೇಳಿಕೊಳ್ಳುತ್ತಾರೆ.

ಆಫ್ರಿಕಾನ್ಸ್ ರಂಗಭೂಮಿ ಮಾತ್ರ ಬಹುಕಾಲ ಈ ಕಡೆ ತಿರುಗಿ ನೋಡಲಿಲ್ಲ. 1950ರ ದಶಕದಲ್ಲಿ ಅದು ಪದ್ಯನಾಟಕದ ಎತ್ತರ ಮುಟ್ಟಿದಾಗ ಕವಿಗಳಾದ ಓಪರ್‌ಮನ್ ಗ್ರೀಸಿನ ಕೊರಿಂಥ್ ನಗರದ ಅರಸ ಪೆರಿಯಾಂಡರನನ್ನೂ ಫಾನ್ ವೇಕ್ ಲೌ ರೋಮಿನ ದಂಡನಾಯಕ ಜರ್ಮಾನಿಕಸನನ್ನೂ ಆರಿಸಿಕೊಂಡರು. ನಾಟಕಗಳು ಸಣ್ಣವೇನಲ್ಲ. ಆದರೆ ತನ್ನದೇ ನುಡಿಯಲ್ಲಿ ಹಿತ್ತಿಲಲ್ಲಿ ಹೇಳುತ್ತಿದ್ದ ಪುರಾಣವನ್ನು ಬಿಟ್ಟು ಗ್ರೀಸಿಗೆ, ರೋಮಿಗೆ ಹೋದದ್ದು ಆ ಕಾಲದ ಮನಸ್ಥಿತಿಯನ್ನು ಚೆನ್ನಾಗಿಯೇ ತಿಳಿಸುತ್ತದೆ. 1971ರಲ್ಲಿ ಕೇಪ್‌ಟೌನಿನಲ್ಲಿ ಭಾರಿ ವೆಚ್ಚದ ನಿಕೊ ಮಲಾನ್ ರಂಗಮಂದಿರ ತೆರೆದಾಗ ಒಳಗೆ ಬಿಳಿಯರಿಗೆ ಮಾತ್ರ ಪ್ರವೇಶವಿತ್ತು. ಎಲ್ಲರಿಗೂ ಬಾಗಿಲು ತೆರೆದದ್ದು 1975ರಲ್ಲಿ. ಆ ನಾಲ್ಕು ವರ್ಷಗಳಲ್ಲಿ ಒಂದು ವೇಳೆ ಕಾಗೆನ್ ಅಲ್ಲಿ ರಂಗವೇರಿದ್ದರೂ, ಅವನನ್ನು ಅಜ್ಜಿಯ ಬಾಯಿಂದ ಕೇಳಿ ಬಲ್ಲವರು ಟಿಕೇಟು ಕೊಳ್ಳುವಂತಿರಲಿಲ್ಲ.

ವರ್ಣಭೇದ ನೀತಿ ಮುಗಿದ ಮೇಲೆ ಚಿತ್ರ ಬದಲಾಯಿತು. 1995ರಲ್ಲಿ ಔಟ್ಸ್‌ಹೋರ್ನಿನಲ್ಲಿ ಶುರುವಾದ ಕ್ಲೇನ್ ಕರೂ ಕಲೋತ್ಸವ, ಅದರ ಹಿಂದೆಯೇ ಬಂದ ಬೇರೆ ಊರುಗಳ ಉತ್ಸವಗಳು ಆಫ್ರಿಕಾನ್ಸ್ ನಾಟಕಕ್ಕೆ ಸರ್ಕಾರಿ ರಂಗಮಂದಿರದ ಹೊರಗೆ ಜಾಗ ಮಾಡಿಕೊಟ್ಟವು. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಕ್ಲಾನ್‌ವಿಲಿಯಂ ಎಂಬ ಸಣ್ಣ ಊರು. ಕೇಪ್‌ಟೌನಿನಿಂದ ಉತ್ತರಕ್ಕೆ ಇನ್ನೂರಕ್ಕೂ ಹೆಚ್ಚು ಕಿಲೋಮೀಟರು ದೂರ, ಸೀಡರ್‌ಬರ್ಗ್ ಬೆಟ್ಟದ ಬುಡ, ರೂಯ್‌ಬೋಸ್ ಚಹಾದ ಸೀಮೆ. ಸುತ್ತಲಿನ ಬಂಡೆಗಳ ತುಂಬ ಸ್ಯಾನ್ ಜನರ (ಖಾಮರೂ ಇವರಲ್ಲೇ ಒಂದು ಗುಂಪು) ವರ್ಣಚಿತ್ರಗಳು. 2001ರಿಂದ ಮ್ಯಾಗ್ನೆಟ್ ಥಿಯೇಟರ್ ಎಂಬ ನಾಟಕ ತಂಡದ ಮಾರ್ಕ್ ಫ್ಲೈಶ್‌ಮನ್, ಕಲಾವಿದೆ ಪಿಪ್ಪಾ ಸ್ಕಾಟ್ನೆಸ್ ಮತ್ತು ಕೇಪ್‌ಟೌನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಅಲ್ಲಿಗೆ ವರ್ಷವರ್ಷವೂ ಹೋಗಿ, ಬ್ಲೀಕ್ ಮತ್ತು ಲಾಯ್ಡ್ ಸಂಗ್ರಹದ ಒಂದು ಕತೆ ಹಿಡಿದು ಊರಿನ ಶಾಲಾ ಮಕ್ಕಳೊಂದಿಗೆ ದಿನಗಟ್ಟಲೆ ದುಡಿದರು. ಕಾಗದದ ಕಂದೀಲು ಕಟ್ಟುವುದು, ಡೋಲು, ಕುಣಿತ, ಕತೆ ಹೇಳುವುದು. ಕೊನೆಯ ಸಂಜೆ ಕಂದೀಲು ಹಿಡಿದು ಊರಿನ ಬೀದಿಗಳಲ್ಲಿ ಮೆರವಣಿಗೆ, ಆಮೇಲೆ ಬಯಲಿನಲ್ಲಿ ಪ್ರದರ್ಶನ. ಆ ಮಕ್ಕಳಲ್ಲಿ ಬಹುಪಾಲಿನವರ ಮನೆಮಾತು ಆಫ್ರಿಕಾನ್ಸ್. ಕತೆಯ ಮೇಲೆ ಅವರಿಗಿರುವ ಹಕ್ಕನ್ನು ಯಾರೂ ದಾಖಲೆ ಕೇಳಿ ಪರೀಕ್ಷಿಸಬೇಕಾಗಿಲ್ಲ.

ಅದೇ ಸೀಡರ್‌ಬರ್ಗಿನ ವುಪ್ಪರ್‌ಟಾಲ್ ಎಂಬ ಹಳ್ಳಿಯ ರೀಲ್ ಕುಣಿತದ ತಂಡವೊಂದು 2015ರಲ್ಲಿ ಲಾಸ್ ಏಂಜಲೀಸಿನ ಸ್ಪರ್ಧೆಯಲ್ಲಿ ಗೆದ್ದು ಬಂದಾಗ ದಕ್ಷಿಣ ಆಫ್ರಿಕಾದ ಪತ್ರಿಕೆಗಳೆಲ್ಲ ಬರೆದವು. ಖೊಯ್ ಮತ್ತು ಸ್ಯಾನ್ ಮೂಲದ ಆ ಕುಣಿತದಲ್ಲಿ ಧೂಳೆಬ್ಬಿಸುವ ಚುರುಕು ಹೆಜ್ಜೆಗಳ ಜತೆಗೆ ಉಷ್ಟ್ರಪಕ್ಷಿಯಂಥ ಪ್ರಾಣಿಪಕ್ಷಿಗಳ ಅನುಕರಣೆ ಇರುತ್ತದೆ, ಹಾಡು ಆಫ್ರಿಕಾನ್ಸಿನದು. ಪ್ರಾಣಿಯನ್ನು ಮೈಯಲ್ಲಿ ತೋರುವ ವಿದ್ಯೆ ಅಲ್ಲಿ ಸತ್ತಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಸ್ಯಾನ್ ಪುರಾಣವೆಂದ ಕೂಡಲೇ ಕೆಲವು ನಿರ್ದೇಶಕರಿಗೆ ಒಂದು ಬಗೆಯ ಗಾಂಭೀರ್ಯ ಅಡರುತ್ತದೆ. ಹೊಗೆ ಏಳುತ್ತದೆ, ಡೋಲು ನಿಧಾನವಾಗಿ ಬಡಿಯತೊಡಗುತ್ತದೆ, ನಟರು ಎತ್ತಲೋ ದೂರಕ್ಕೆ ದೃಷ್ಟಿ ನೆಟ್ಟು ಒಂದೊಂದೇ ಪದವನ್ನು ಉದುರಿಸುತ್ತಾರೆ. ಚಿತ್ರಮುದ್ರಿಕೆಗಳಲ್ಲಿ ಇಂಥದನ್ನು ನೋಡಿದಾಗಲೆಲ್ಲ ನನಗೆ ಮುಂಗುಸಿಯ ಗೈರುಹಾಜರಿ ಕಾಡುತ್ತದೆ. ನೋಟ್‌ಬುಕ್ಕಿನಲ್ಲಿರುವ ಕಾಗೆನ್ ಪವಿತ್ರನೂ ಹೌದು, ಹಾಸ್ಯಾಸ್ಪದನೂ ಹೌದು. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಬಲ್ಲ ನುಡಿ ಬೇಕು. ಅಚ್ಚಿನ ಶಿಷ್ಟ ಆಫ್ರಿಕಾನ್ಸಿಗೆ, ಚರ್ಚಿನ ಮತ್ತು ಶಾಲೆಯ ಆಫ್ರಿಕಾನ್ಸಿಗೆ ಅದು ದಕ್ಕುವುದು ಕಷ್ಟ. ನಾಮಾಕ್ವಾಲ್ಯಾಂಡಿನ, ಕರೂವಿನ ಕೂಲಿಕಾರರ ಮನೆಗಳ ಆಫ್ರಿಕಾನ್ಸಿಗೆ, ಅಜ್ಜ ಅಜ್ಜಿಯರನ್ನು ಮುದ್ದಿನಿಂದಲೇ ಗದರಿಸುವ ಆ ನುಡಿಗೆ, ಅದು ಸಲೀಸು. ಆಡುನುಡಿಯನ್ನು ಹಾಸ್ಯಪಾತ್ರದಿಂದ ಬಿಡಿಸಿ ದುರಂತದ ಭಾಷೆಯಾಗಿಸಬಹುದೆಂದು ಕವಿ, ನಾಟಕಕಾರ ಆಡಮ್ ಸ್ಮಾಲ್ 1965ರಲ್ಲೇ ‘ಕನ್ನಾ ಹೇ ಕೊ ಹೇಸ್ತೂ’ ನಾಟಕದಲ್ಲಿ ತೋರಿಸಿದ್ದಾರೆ. ಅದು ಪುರಾಣದ ನಾಟಕವಲ್ಲ, ಕೇಪಿನ ಬಡ ಕುಟುಂಬವೊಂದರ ನಾಟಕ. ಆದರೆ ಪುರಾಣದ ನಾಟಕ ಬರೆಯುವವರು ಮೊದಲು ಓದಬೇಕಾದದ್ದು ಅದನ್ನೇ.

ಚಂದ್ರ ಮತ್ತು ಮೊಲದ ಕತೆಯಲ್ಲಿ ಇದರ ಅಗತ್ಯ ಇನ್ನೂ ಸ್ಪಷ್ಟವಾಗುತ್ತದೆ. ಖೊಯ್ ಗುಂಪಿಗೆ ಸೇರಿದ ನಾಮಾ ಜನರ ಪಾಠದಲ್ಲಿ ಮೊಲ ಚಂದ್ರನ ದೂತ. ನಾನು ಸತ್ತು ಮತ್ತೆ ಹುಟ್ಟುವಂತೆ ನೀವೂ ಹುಟ್ಟುತ್ತೀರಿ ಎಂಬ ಸಂದೇಶವನ್ನು ಅದು ತಿರುಚಿ ಹೇಳಿದ್ದರಿಂದ ಮನುಷ್ಯರಿಗೆ ಸಾವು ಬಂತು. ದಿಯಾಕ್ವೈನ್ ಹೇಳಿದ ಖಾಮ್ ಪಾಠದಲ್ಲಿ ದೂತನೂ ಇಲ್ಲ, ತಿರುಚಿದ ಸಂದೇಶವೂ ಇಲ್ಲ. ಮೊಲದ ಮರಿಯ ತಾಯಿ ಸತ್ತಿದ್ದಾಳೆ, ಅದು ಅಳುತ್ತಿದೆ. ಅಳಬೇಡ, ಅಮ್ಮ ತಿರುಗಿ ಬರುತ್ತಾಳೆ ಎನ್ನುತ್ತಾನೆ ಚಂದ್ರ. ಇಲ್ಲ, ಅವಳು ಸತ್ತೇಹೋಗಿದ್ದಾಳೆ ಎನ್ನುತ್ತದೆ ಮರಿ. ಚಂದ್ರ ಸಿಟ್ಟಿಗೆದ್ದು ಅದರ ಬಾಯಿಗೆ ಹೊಡೆಯುತ್ತಾನೆ, ತುಟಿ ಸೀಳುತ್ತದೆ, ಮನುಷ್ಯರೆಲ್ಲರಿಗೂ ತಿರುಗಿ ಬಾರದ ಸಾವಿನ ಶಾಪ ತಗಲುತ್ತದೆ. ದುಃಖದಲ್ಲಿ ಸಮಾಧಾನದ ಮಾತನ್ನು ನಂಬಲಾರದ ಒಂದು ಮಗುವಿನಿಂದ ಲೋಕಕ್ಕೆ ಸಾವು ಬಂತೆನ್ನುವ ಈ ಕತೆಯನ್ನು ಘೋಷಣೆಯ ಧ್ವನಿಯಲ್ಲಿ ಹೇಳಿದರೆ ಉಳಿಯುವುದೇನು?

ಇನ್ನು ಒಡೆತನದ ವಿಚಾರ. ಕವಿ ಆಂಕಿ ಕ್ರೋಖ್ 2004ರಲ್ಲಿ ಖಾಮ್ ಮಾತುಗಳನ್ನು ಆಫ್ರಿಕಾನ್ಸ್ ಕವಿತೆಗಳಾಗಿ ಮರುರೂಪಿಸಿ ಪ್ರಕಟಿಸಿದರು. ಅದಕ್ಕೂ ಮೊದಲು 1991ರಲ್ಲಿ ಇಂಗ್ಲಿಷಿನಲ್ಲಿ ಅದೇ ಕೆಲಸ ಮಾಡಿದ್ದ ಸ್ಟೀಫನ್ ವಾಟ್ಸನ್ 2006ರಲ್ಲಿ ಅವರ ಮೇಲೆ ಕೃತಿಚೌರ್ಯದ ಆರೋಪ ಹೊರಿಸಿದರು; ಕ್ರೋಖ್ ಅದನ್ನು ತಳ್ಳಿಹಾಕಿದರು. ಗಲಾಟೆ ಬಹಳ ಕಾಲ ನಡೆಯಿತು. ಇಬ್ಬರು ಬಿಳಿಯ ಕವಿಗಳು ಕಬ್ಬೊನ ಮಾತು ಯಾರಿಗೆ ಸೇರಿದ್ದೆಂದು ಜಗಳವಾಡಿದ್ದರಲ್ಲಿ ಕಾಗೆನ್ ಕತೆಗೆ ತಕ್ಕ ವ್ಯಂಗ್ಯವಿತ್ತು. ಇದರ ನಡುವೆ ನಾಟಕದ ಮಂದಿಗೆ ಸುಲಭವಾದ, ಆದರೆ ಹೆಚ್ಚಾಗಿ ಯಾರೂ ಮಾಡದ ಒಂದು ಕೆಲಸವಿದೆ. ಭಿತ್ತಿಪತ್ರಗಳ ಮೇಲೆ ‘ಸ್ಯಾನ್ ಜನಪದ ಕತೆಗಳನ್ನು ಆಧರಿಸಿದೆ’ ಎಂಬ ಒಕ್ಕಣೆ ಸಾಮಾನ್ಯ. ಜನಪದ ಎಂದೊಡನೆ ಹೇಳಿದವನು ಮಾಯವಾಗುತ್ತಾನೆ. ಹೆಂಡ್ರಿಕ್‌ನ ಪೂರ್ತಿ ಹೆಸರನ್ನು ಮರೇ ನಮಗೆ ಕೊಡಲಿಲ್ಲ, ಅದು ಹೋಯಿತು. ಆದರೆ ಮೌಬ್ರೆಯ ನೋಟ್‌ಬುಕ್ಕುಗಳಲ್ಲಿ ಕತೆಗಳ ಮೇಲೆ ಹೇಳಿದವನ ಹೆಸರಿದೆ, ತಾರೀಖಿದೆ, ಅವನು ಅದನ್ನು ಅಪ್ಪನಿಂದ ಕೇಳಿದ್ದೋ ಅಮ್ಮನಿಂದ ಕೇಳಿದ್ದೋ ಎಂಬುದೂ ಎಷ್ಟೋ ಕಡೆ ಇದೆ. ದಿಯಾಕ್ವೈನ್ ಹೇಳಿದ ‘ತಂತಿ ಹರಿದ’ ಶೋಕಗೀತೆ ಅವನ ತಂದೆ ಖಾತಿನ್ ತನ್ನ ಗೆಳೆಯನಾದ ಮಳೆಮಾಂತ್ರಿಕನ ಸಾವಿಗೆ ಕಟ್ಟಿದ್ದು. ಇಷ್ಟು ಖಚಿತವಾದ ಕರ್ತೃತ್ವವಿರುವ ಹಾಡನ್ನು ಅನಾಮಧೇಯ ಎಂದು ಹಾಡುವುದಕ್ಕೆ ಯಾವ ನೆಪವೂ ಇಲ್ಲ.

ಕಬ್ಬೊನದಂತೂ ಸಿದ್ಧವಾದ ಏಕಪಾತ್ರ ನಾಟಕವೇ ಅಲ್ಲಿದೆ. ಅವನು ಊರಿಗೆ ಹೊರಡುವ ದಿನವನ್ನು ಕಾಯುತ್ತ ಲಾಯ್ಡ್ ಮುಂದೆ ಹೇಳಿದ ಮಾತುಗಳವು. ಇಲ್ಲಿ ನನಗೆ 'ಕತೆ ಸಿಗುವುದಿಲ್ಲ' ಎನ್ನುತ್ತಾನೆ; ಇಲ್ಲಿಯ ಜನ ನನ್ನ ಭಾಷೆ ಆಡುವುದಿಲ್ಲ, ನಾನು ಹೆಂಗಸರ ಮನೆಗೆಲಸ ಮಾಡುತ್ತ ಕೂತಿದ್ದೇನೆ; ಊರಿಗೆ ಹೋದರೆ ಬಿಸಿಲಿನಲ್ಲಿ ಕೂತು ದೂರದಿಂದ ಗಾಳಿಯಂತೆ ತೇಲಿಬರುವ ಕತೆಗಳನ್ನು ಕೇಳುತ್ತೇನೆ; ಚಂದ್ರ ತಿರುಗಲಿ, ಯಜಮಾನ ಕೊಡುತ್ತೇನೆಂದ ಬಂದೂಕು ಕೈಗೆ ಬರಲಿ ಎಂದು ಕಾಯುತ್ತಿದ್ದೇನೆ ಎನ್ನುತ್ತಾನೆ. 1873ರಲ್ಲಿ ಊರಿಗೆ ಹೊರಟ ಅವನು ಮೂರು ವರ್ಷ ಕಳೆಯುವಷ್ಟರಲ್ಲಿ ತೀರಿಕೊಂಡ. ಕರೂವಿನ ಆಫ್ರಿಕಾನ್ಸ್ ಆಡುವ ವಯಸ್ಸಾದ ನಟನೊಬ್ಬ, ಒಂದು ಸ್ಟೂಲು, ಎದುರಿಗೆ ಬರೆದುಕೊಳ್ಳುತ್ತಿರುವ ಹೆಂಗಸು ಇಷ್ಟಿದ್ದರೆ ಅದನ್ನು ಆಡಬಹುದು. ನಾಟಕಕಾರ ಎಂಬ ಜಾಗದಲ್ಲಿ ಕಬ್ಬೊ ಎಂದೂ, ಅನುವಾದಕ ಎಂಬ ಜಾಗದಲ್ಲಿ ಇಂದಿನ ಬರಹಗಾರನ ಹೆಸರೂ ಇರಲಿ.